‘ಇಂದಿನ ಇಂಗ್ಲಿಷ್ ಪದ’ಕ್ಕೆ ಒಂದು ಬಾಯಿಯನ್ನೂ ಕೊಡಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಶಿಕ್ಷಣ ಪುಟದ ಮೂಲೆಯಲ್ಲಿ ದಿನಾ ಒಂದು ಪುಟ್ಟ ಚೌಕ ಬರುತ್ತದೆ, ‘ಇಂದಿನ ಇಂಗ್ಲಿಷ್ ಪದ’ ಅಂತ. ಒಂದು ಕಷ್ಟದ ಇಂಗ್ಲಿಷ್ ಪದ, ಪಕ್ಕದಲ್ಲಿ ಒಂದು ಗೆರೆ, ಗೆರೆಯ ಆಚೆ ಒಂದು ಕನ್ನಡ ಪದ. ಅಲ್ಲಿಗೆ ಮುಗೀತು. ನನ್ನ ಮೊಮ್ಮಗಳು ಅದನ್ನು ತಪ್ಪದೆ ಕತ್ತರಿಸಿ ನನ್ನ ಹಳೇ ಡೈರಿಯೊಂದಕ್ಕೆ ಅಂಟಿಸಿಕೊಳ್ಳುತ್ತಾಳೆ. ಬಿ.ಕಾಂ. ಎರಡನೇ ವರ್ಷ, ಮುಂದೆ ಬ್ಯಾಂಕ್ ಪರೀಕ್ಷೆ ಬರೆಯಬೇಕು ಅಂತ ಈಗಿನಿಂದಲೇ ತಯಾರಿ. ಅವಳು ಕತ್ತರಿಸಿದ ಮೇಲೆ ಹಿಂದಿನ ಪುಟದ ಸುದ್ದಿಯಲ್ಲಿ ನನಗೆ ಒಂದು ಕಿಟಕಿ ಉಳಿಯುತ್ತದೆ, ಅದು ಬೇರೆ ಮಾತು. ಮೊನ್ನೆ ಆ ಡೈರಿಯನ್ನು ಕೂತು ಓದಿದೆ. ಓದಿದ ಮೇಲೆ ನಿಮಗೆ ಬರೆಯಲೇಬೇಕು ಅನ್ನಿಸಿತು. ಬೈಯೋಕಲ್ಲ, ಒಂದು ಕೋರಿಕೆ ಇದೆ. ಪತ್ರ ಸ್ವಲ್ಪ ಉದ್ದವಾದರೆ ನೀವೇ ಕತ್ತರಿ ಹಾಕಿಕೊಳ್ಳಿ.

ಡೈರಿಯಲ್ಲಿ ಯುಬಿಕ್ವಿಟಸ್ ಅನ್ನುವ ಪದ ಇತ್ತು. ನೀವು ಕೊಟ್ಟ ಅರ್ಥ ‘ಸರ್ವಾಂತರ್ಯಾಮಿ’. ಅದರ ಕೆಳಗೆ ಅವಳು ಸ್ವಂತ ವಾಕ್ಯ ಮಾಡಿದ್ದಳು: ಗಾಡ್ ಈಸ್ ಯುಬಿಕ್ವಿಟಸ್. ಓದಮ್ಮ ನೋಡೋಣ ಅಂದೆ. ‘ಉಬಿಕ್ವಿಟೌಸ್’ ಅಂತ ಓದಿದಳು. ನಾನು ನಕ್ಕಿದ್ದಕ್ಕೆ ಕೋಪ ಬಂತು. "ಅದು ಬಂದ ಮೊದಲ ದಿನ ನಿಮ್ಮನ್ನೇ ಕೇಳಿದ್ದೆ ತಾತ, ಹೆಂಗೆ ಓದೋದು ಅಂತ. ಹೆಂಗೆ ಬರ್ದಿದ್ಯೋ ಹಂಗೇ ಓದು ಅಂದ್ರಿ" ಅಂದಳು. ಹೇಳಿದ್ದೆನೋ ಏನೋ. ಪೇಪರಿನಿಂದ ತಲೆ ಎತ್ತದೆ ಹೇಳಿರುತ್ತೇನೆ. ನಮ್ಮ ಕನ್ನಡದವರ ಬಾಯಿಗೆ ತಾನಾಗಿ ಬರುವ ಮಾತು ಅದು, ಅಲ್ವಾ? ಬರೆದಿದ್ದನ್ನು ಓದು. ನಮ್ಮ ಲಿಪಿಗೆ ಅದು ಸಲ್ಲುತ್ತದೆ. ಇಂಗ್ಲಿಷಿಗೆ ಹಾಗೆ ಹೇಳಿಕೊಟ್ಟರೆ ಮಗುವನ್ನು ಹಳ್ಳಕ್ಕೆ ದೂಡಿದ ಹಾಗೆ.

ಅರ್ಥದಲ್ಲೂ ತಪ್ಪು ಅವಳದ್ದಲ್ಲ. ಸರ್ವಾಂತರ್ಯಾಮಿ ಅಂದ ಕೂಡಲೇ ನಮಗೆ ನೆನಪಾಗುವುದು ದೇವರೇ, ಪ್ರಹ್ಲಾದ ತೋರಿಸಿದ ಕಂಬವೇ. ಆದರೆ ದೇವರ ವಿಷಯಕ್ಕೆ ಇಂಗ್ಲಿಷಿನವರು ಆಮ್ನಿಪ್ರೆಸೆಂಟ್ ಅನ್ನುತ್ತಾರೆ. ಯುಬಿಕ್ವಿಟಸ್ ಅನ್ನುವುದು ಎಲ್ಲಿ ನೋಡಿದರಲ್ಲಿ ಕಣ್ಣಿಗೆ ಬೀಳುವ ಸಾಮಾನುಗಳಿಗೆ. ಮೊಬೈಲು, ಪ್ಲಾಸ್ಟಿಕ್ ಕವರು, ಹುಟ್ಟುಹಬ್ಬದ ಫ್ಲೆಕ್ಸು, ನಮ್ಮೂರ ರಸ್ತೆಯ ಹಂಪು. ಸ್ವಲ್ಪ ಬೇಸರದ ದನಿಯೂ ಆ ಪದದಲ್ಲಿ ಸೇರಿಕೊಳ್ಳುವುದುಂಟು. ‘ಎಲ್ಲಿ ನೋಡಿದ್ರೂ ಅದೇ’ ಅಂತ ಬರೆದಿದ್ದರೆ ಸಾಕಿತ್ತು. ಸಂಸ್ಕೃತದ ಒಂದು ದೊಡ್ಡ ಪದ ಹುಡುಕಿ ಇಂಗ್ಲಿಷಿನ ದೊಡ್ಡ ಪದದ ಎದುರು ನಿಲ್ಲಿಸಿಬಿಟ್ಟರೆ ಅರ್ಥ ಹೇಳಿದ ಹಾಗಾಯಿತು ಅಂತ ನಮ್ಮಲ್ಲಿ ಒಂದು ಅಭ್ಯಾಸ ಇದೆ.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ನಾನು ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ. 1981ರಲ್ಲಿ ಬ್ಯಾಂಕಿಗೆ ಕ್ಲರ್ಕಾಗಿ ಸೇರಿದೆ. ನನ್ನ ಇಂಗ್ಲಿಷೆಲ್ಲ ಸರ್ಕ್ಯುಲರ್ ಓದಿ, ಇಂಗ್ಲಿಷ್ ಪೇಪರಿನ ಸಂಪಾದಕೀಯ ಓದಿ ಬಂದಿದ್ದು. ಕೈಬರಹ ಚೆನ್ನಾಗಿತ್ತು, ಡ್ರಾಫ್ಟಿಂಗ್ ಚೆನ್ನಾಗಿತ್ತು, ಹಾಗಾಗಿ ಹೆಡ್ ಆಫೀಸಿಗೆ ಹೋಗುವ ಪತ್ರವನ್ನೆಲ್ಲ ಮ್ಯಾನೇಜರು ನನ್ನ ಕೈಲೇ ಬರೆಸುತ್ತಿದ್ದರು. ನನಗೂ ಸ್ವಲ್ಪ ಕೊಂಬು ಬಂದಿತ್ತು ಅನ್ನಿ. ಒಂದು ದಿನ ಲೆಕ್ಕದ ಸ್ಟೇಟ್‌ಮೆಂಟೆಲ್ಲ ಅಡ್ಡಾದಿಡ್ಡಿಯಾಗಿ, ಬೊಂಬಾಯಿಗೆ ಫೋನ್ ಮಾಡಬೇಕಾಯಿತು. ಎಲ್ಲಾ ಎಡವಟ್ಟಾಗಿದೆ ಸಾರ್ ಅನ್ನುವುದಕ್ಕೆ ನಾನು ಪತ್ರದಲ್ಲಿ ಯಾವಾಗಲೂ ಬರೆಯುತ್ತಿದ್ದ ಮಾತನ್ನೇ ಹೇಳಿದೆ: ಎವೆರಿಥಿಂಗ್ ಹ್ಯಾಸ್ ಗಾನ್ ‘ಆವರಿ’ ಸಾರ್. ಆ ಕಡೆಯಿಂದ ಒಂದು ಕ್ಷಣ ಮಾತೇ ಇಲ್ಲ. ಆಮೇಲೆ, "ಆವರಿ? ಅದ್ಯಾವ ಪಾರ್ಟಿ? ಅಕೌಂಟ್ ನಂಬರ್ ಹೇಳಿ" ಅಂದರು. ಬೊಂಬಾಯಿಯ ಪಾರ್ಸಿಗಳಲ್ಲಿ ಆವರಿ ಅಂತ ಒಂದು ಮನೆತನದ ಹೆಸರಿದೆಯಂತೆ! ನಾನು ಮತ್ತೆ ಆವರಿ ಅಂದೆ, ಅವರು ಮತ್ತೆ ನಂಬರ್ ಕೇಳಿದರು. ಮೂರನೇ ಸಲ ಎ-ಡಬ್ಲ್ಯೂ-ಆರ್-ವೈ ಅಂತ ಸ್ಪೆಲ್ಲಿಂಗ್ ಹೇಳಿದೆ. ಆಗ ಅಲ್ಲಿ ನಾಲ್ಕೈದು ಜನ ನಕ್ಕಿದ್ದು ಈ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು. ಆ ಪದದ ಉಚ್ಚಾರ ‘ಅರೈ’. ಒತ್ತೆಲ್ಲ ‘ರೈ’ ಮೇಲೆ. ಡಬ್ಲ್ಯೂ ಅನ್ನುವುದು ಸುಮ್ನೆ ಕೂತಿರುವ ನೆಂಟ.

ಹತ್ತು ಹನ್ನೆರಡು ವರ್ಷದಿಂದ ಆ ಪದದ ಅರ್ಥ ನನಗೆ ಗೊತ್ತಿತ್ತು. ಸ್ಪೆಲ್ಲಿಂಗ್ ಗೊತ್ತಿತ್ತು. ಎಲ್ಲಿ ಬಳಸಬೇಕು ಅಂತಲೂ ಗೊತ್ತಿತ್ತು. ಆದರೆ ಒಂದೇ ಒಂದು ಸಲವೂ ಅದನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ. ತಿಪಟೂರಿನ ಕೊಬ್ಬರಿ ಹರಾಜಿನಲ್ಲಿ ಯಾರು ಅರೈ ಅನ್ನುತ್ತಾರೆ ಹೇಳಿ. ಅವತ್ತಿನಿಂದ ಫೋನಿನಲ್ಲಿ ದೊಡ್ಡ ಪದ ಬರುವ ಹಾಗಿದ್ದರೆ ನಾಲಗೆ ತಾನಾಗೇ ಪಕ್ಕಕ್ಕೆ ಸರಿದು ಸಣ್ಣ ಪದ ಹುಡುಕಿಕೊಳ್ಳುತ್ತಿತ್ತು. ಪತ್ರದಲ್ಲಿ ಹುಲಿ, ಫೋನಿನಲ್ಲಿ ಇಲಿ. ನಿವೃತ್ತಿಯಾಗುವವರೆಗೂ ಹಾಗೇ ನಡೀತು.

ಈಗ ಇದರ ಇನ್ನೊಂದು ಕಡೆ ನೋಡಿ. ಕಿವಿಯಿಂದ ಬಂದ ಪದ ನಮ್ಮವರ ಬಾಯಲ್ಲಿ ಎಷ್ಟು ಸರಿಯಾಗಿರುತ್ತದೆ ಗೊತ್ತಾ? ಬಸ್ ಕಂಡಕ್ಟರ್ ‘ಡಿಪೋ’ ಅನ್ನುತ್ತಾನೆ. ಫ್ರೆಂಚಿನಿಂದ ಬಂದ ಪದ, ಕೊನೆಯ ಟಿ ಬಾಯಲ್ಲಿ ಬರಬಾರದು, ಅವನ ಬಾಯಲ್ಲಿ ಬರುವುದೂ ಇಲ್ಲ. ರೇಷನ್ ಅಂಗಡಿ ಮುಂದೆ ಎಲ್ಲರೂ ‘ಕ್ಯೂ’ ನಿಲ್ಲುತ್ತಾರೆ. ಅದರ ಸ್ಪೆಲ್ಲಿಂಗಿನಲ್ಲಿ ಒಂದು ಅಕ್ಷರದ ಹಿಂದೆ ನಾಲ್ಕು ಅಕ್ಷರ ಸುಮ್ಮನೆ ಸಾಲು ನಿಂತಿವೆ ಅಂತ ಕ್ಯೂನಲ್ಲಿರುವ ಅಜ್ಜಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಎಲ್ಲಕ್ಕಿಂತ ನನಗೆ ಇಷ್ಟದ್ದು ‘ಕರ್ನಲ್’. ಕೊಡಗಿನಲ್ಲಿ ಯಾವ ಊರಿಗೆ ಹೋದರೂ ಒಬ್ಬ ನಿವೃತ್ತ ಕರ್ನಲ್ ಸಾಹೇಬರು ಸಿಗುತ್ತಾರೆ, ಅವರನ್ನು ಯಾರೂ ‘ಕೊಲೊನೆಲ್’ ಅನ್ನುವುದಿಲ್ಲ. ಆದರೆ ಇಂಗ್ಲಿಷ್ ಮಾಧ್ಯಮದ ಮಗುವಿನ ಕೈಗೆ ಆ ಪದ ಕೊಟ್ಟು ನೋಡಿ, ಕೊಲೊನೆಲ್ ಅಂತಲೇ ಓದುತ್ತದೆ. ಕನ್ನಡ ಪೇಪರ್ ಓದುವ ಹಳ್ಳಿ ಹುಡುಗನಿಗೆ ಆ ತೊಂದರೆ ಇಲ್ಲ. ಯಾಕೆ? ಕನ್ನಡ ಪತ್ರಿಕೆಗಳು ತಲೆತಲಾಂತರದಿಂದ ಅದನ್ನು ಕರ್ನಲ್ ಅಂತ ಅಚ್ಚು ಮಾಡಿವೆ. ಲೆಫ್ಟಿನೆಂಟ್ ಕೂಡ ಹಾಗೇ. ಸ್ಪೆಲ್ಲಿಂಗಿನಲ್ಲಿ ಎಫ್ ಎಲ್ಲಿದೆ? ಎಲ್ಲೂ ಇಲ್ಲ. ಬ್ರಿಟಿಷರ ಬಾಯಲ್ಲಿ ಮಾತ್ರ ಇದೆ, ನಿಮ್ಮ ಅಚ್ಚಿನಲ್ಲಿ ಇದೆ.

ನಿಮ್ಮ ಅಚ್ಚಿನ ಬಲ ಉಲ್ಟಾ ಹೊಡೆದದ್ದೂ ಉಂಟು. 2020ರಲ್ಲಿ ಕನ್ನಡ ಪತ್ರಿಕೆಗಳು, ಟಿ.ವಿ.ಗಳು ‘ಕ್ವಾರಂಟೈನ್’ ಅಂದವು, ಇಡೀ ಕರ್ನಾಟಕ ಕ್ವಾರಂಟೈನ್ ಅಂದಿತು. ನಾನೂ ಅಂದೆ. ಇಂಗ್ಲಿಷಿನಲ್ಲಿ ಅದು ‘ಕ್ವಾರಂಟೀನ್’. ವೆನಿಸ್ ನಗರದವರು ರೋಗದ ಭಯಕ್ಕೆ ಹಡಗುಗಳನ್ನು 40 ದಿನ ಬಂದರಿನ ಹೊರಗೇ ನಿಲ್ಲಿಸುತ್ತಿದ್ದರಲ್ಲ, ಅವರ ಮಾತಿನ ‘ನಲವತ್ತು’ ಅನ್ನುವುದರಿಂದ ಬಂದ ಪದ. ಅದೇ ವರ್ಷ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕು ಸಾಲದ ಕಂತಿಗೆ ಮೊದಲು 3 ತಿಂಗಳು, ಆಮೇಲೆ ಇನ್ನೊಂದು 3 ತಿಂಗಳು ಬಿಡುವು ಕೊಡಲು ಒಪ್ಪಿದಾಗ ‘ಮೊರಟೋರಿಯಂ’ ಅನ್ನುವ ಪದ ಆಟೋ ಸ್ಟ್ಯಾಂಡಿನವರೆಗೂ ಬಂತು. ನಾನು 38 ವರ್ಷ ಬ್ಯಾಂಕಿನಲ್ಲಿದ್ದೆ, ಆ ಪದವನ್ನು ಗಿರಾಕಿಗಳ ಬಾಯಲ್ಲಿ ಒಂದು ಸಲವೂ ಕೇಳಿರಲಿಲ್ಲ. ಅವರು ಅದನ್ನು ಯಾವ ಪಟ್ಟಿಯಿಂದಲೂ ಉರು ಹೊಡೆಯಲಿಲ್ಲ. ಕಂತು ಕಟ್ಟುವವನಿಗೆ ಅದು ಬೇಕಾಗಿತ್ತು, ಕಲಿತ. ಕನ್ನಡ ಲಿಪಿಯಲ್ಲಿ ಕಲಿತ.

ಮೊಮ್ಮಗಳಿಗೆ ಈ ಇಂಗ್ಲಿಷಿನ ಮೇಲೆ ಒಂದೇ ಸಿಟ್ಟು: ಹೇಳದ ಅಕ್ಷರವನ್ನು ಬರೆಯೋದ್ಯಾಕೆ? ಸಾಲ ಅನ್ನುವ ಅರ್ಥದ ‘ಡೆಟ್’ನಲ್ಲಿ ಬಿ ಯಾಕೆ? ನಾನು ಅವಳಿಗೆ ಸಕ್ಕರೆ ಡಬ್ಬ ತೋರಿಸಿದೆ. ನಾವು ಸಕ್ಕರೆ ಅನ್ನುತ್ತೇವೆ, ಸಕ್ಕರೆ ಅಂತಲೇ ಬರೆಯುತ್ತೇವೆ. ಒಬ್ಬ ಪಂಡಿತ ಬಂದು, ಇದರ ಮೂಲ ಸಂಸ್ಕೃತದ ಶರ್ಕರಾ, ಆ ಗೌರವಕ್ಕೆ ಸಕ್ಕರೆಯ ಮೇಲೊಂದು ಅರ್ಕಾವತ್ತು ಬರೆಯಿರಿ, ಆದರೆ ಓದುವಾಗ ಬಿಟ್ಟುಬಿಡಿ ಅಂದರೆ ಹೇಗಿರುತ್ತದೆ? ಇಂಗ್ಲೆಂಡಿನಲ್ಲಿ ಆಗಿದ್ದು ಸರಿಯಾಗಿ ಅದೇ. ಫ್ರೆಂಚರಿಂದ ಬಂದಾಗ ಆ ಪದದಲ್ಲಿ ಬಿ ಇರಲಿಲ್ಲ. ಲ್ಯಾಟಿನ್ನಿನ ಮೂಲದಲ್ಲಿ ಇದೆ ಅಂತ ಓದಿದವರು ಆಮೇಲೆ ತುರುಕಿದರು. ‘ರಿಸೀಟ್’ನ ಪಿ ಕೂಡ ಹೀಗೇ ಬಂದದ್ದು. ತಮಾಷೆ ಅಂದರೆ ಅದೇ ವಂಶದ ‘ಡಿಸೀಟ್’ಗೆ, ಅಂದರೆ ಮೋಸಕ್ಕೆ, ಪಿ ಉಳಿಯಲಿಲ್ಲ. ದ್ವೀಪ ಅನ್ನುವ ‘ಐಲ್ಯಾಂಡ್’ನ ಎಸ್ ಇನ್ನೂ ಅನ್ಯಾಯ, ಅದು ಯಾರೋ ತಪ್ಪು ಸಂಬಂಧ ಕಟ್ಟಿ ಸೇರಿಸಿದ್ದು, ಮೂಲದಲ್ಲಿ ಇರಲೇ ಇಲ್ಲ. ಇದರ ಜೊತೆಗೆ 1476ರಲ್ಲಿ ಕ್ಯಾಕ್ಸ್‌ಟನ್ ಅನ್ನುವವನು ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ. ಮೊಳೆ ಜೋಡಿಸಿದ ಮೇಲೆ ಸ್ಪೆಲ್ಲಿಂಗ್ ನಿಧಾನವಾಗಿ ಗಟ್ಟಿಯಾಗುತ್ತಾ ಹೋಯಿತು, ಆದರೆ ಜನರ ನಾಲಗೆ ಆ ಕಾಲಕ್ಕೇ ಬೇರೆ ದಾರಿ ಹಿಡಿದಿತ್ತು. ಹೆಸರು ಅನ್ನುವ ‘ನೇಮ್’ ಅದಕ್ಕೂ ಮುಂಚೆ ಅವರ ಬಾಯಲ್ಲಿ ಹೆಚ್ಚುಕಡಿಮೆ ನಮ್ಮ ‘ನಾಮ’ ಇದ್ದ ಹಾಗೇ ಇತ್ತು. ಬರಹದಲ್ಲಿ ಇವತ್ತಿಗೂ ಹಾಗೇ ಇದೆ, ಬಾಯಿ ಮಾತ್ರ ನೇಮ್ ಆಗಿಹೋಯಿತು. ಈ ಕಥೆ ಕೇಳಿದ ಮೇಲೆ ಅವಳು ಡೆಟ್ ಅನ್ನುವುದನ್ನು ಮತ್ತೆ ತಪ್ಪಿಲ್ಲ. ‘ಸಕ್ಕರೆ ಪದ’ ಅಂತ ಡೈರಿಯಲ್ಲಿ ಒಂದು ಪುಟವನ್ನೇ ಮಾಡಿಕೊಂಡಿದ್ದಾಳೆ. ಅಡಮಾನದ ‘ಮಾರ್ಗಿಜ್’ ಅಲ್ಲಿದೆ, ಬಾಯಲ್ಲಿ ಟಿ ಇಲ್ಲ. ನಮ್ಮ ಬ್ಯಾಂಕಿನಲ್ಲಿ ಅರ್ಧ ಜನ ಟಿ ಹಾಕಿಯೇ ಸಾಲ ಕೊಟ್ಟರು, ವಸೂಲಿಯೂ ಆಯಿತು ಅನ್ನಿ.

ನನ್ನ ಷಡ್ಡಕನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಅವನ ಮಗಳು ಶಾಲೆಯ ಸ್ಪೆಲ್ಲಿಂಗ್ ಬೀ ಸ್ಪರ್ಧೆಗೆ ನಿಲ್ಲುತ್ತಿದ್ದಳು. ಅಲ್ಲಿಯ ರಾಷ್ಟ್ರಮಟ್ಟದ ಸ್ಕ್ರಿಪ್ಸ್ ಸ್ಪರ್ಧೆಯಲ್ಲಿ 1985ರಲ್ಲಿ ಮೊದಲ ಸಲ ಭಾರತ ಮೂಲದ ಹುಡುಗನೊಬ್ಬ ಗೆದ್ದ. 2019ರಲ್ಲಂತೂ ಒಟ್ಟಿಗೆ 8 ಮಕ್ಕಳು ಗೆದ್ದರು, ಅದರಲ್ಲಿ 7 ಮಕ್ಕಳು ನಮ್ಮ ಕಡೆಯ ಮೂಲದವರೇ. ಉರು ಹೊಡೆಯುವುದರಲ್ಲಿ ನಮ್ಮವರು ಗಟ್ಟಿಗರು ಅಂತ ನಾನು ಅಂದುಕೊಂಡಿದ್ದೆ. ಆ ಹುಡುಗಿ ರಜಕ್ಕೆ ಬಂದಾಗ ಕೇಳಿದೆ. ಉರು ಅಷ್ಟೇ ಅಲ್ಲವಂತೆ. ಪದ ಕೊಟ್ಟ ಕೂಡಲೇ ಮಕ್ಕಳು ತಿರುಗಿ ಪ್ರಶ್ನೆ ಕೇಳಬಹುದು. ಅರ್ಥ ಏನು, ಒಂದು ವಾಕ್ಯದಲ್ಲಿ ಹೇಳಿ, ಬೇರೆ ಉಚ್ಚಾರ ಇದೆಯಾ, ಮತ್ತು ಮುಖ್ಯವಾಗಿ ಈ ಪದದ ಮೂಲ ಯಾವ ಭಾಷೆ. ನಾವು ಸಂಬಂಧ ನೋಡುವಾಗ ಹುಡುಗಿಯ ತವರು ಯಾವುದು ಅಂತ ಕೇಳುತ್ತೇವಲ್ಲ, ಹಾಗೆ. ತವರು ಗೊತ್ತಾದರೆ ನಡೆನುಡಿ ಗೊತ್ತಾಗುತ್ತದೆ.

ಆ ಮಗು ನನಗೆ ಹೇಳಿಕೊಟ್ಟಿದ್ದು ಇದು, 60 ದಾಟಿದ ಮೇಲೆ ಕಲಿತೆ. ಇಂಗ್ಲಿಷಿನ ಸಿ ಮತ್ತು ಎಚ್ ಜೊತೆಯಾಗಿ ಬಂದರೆ ಏನಂತ ಓದಬೇಕು? ಇಂಗ್ಲಿಷಿನವರದೇ ಆದ ಹಳೇ ಪದವಾದರೆ, ಇಲ್ಲಾ ಬಹಳ ಹಿಂದೆಯೇ ಫ್ರೆಂಚಿನಿಂದ ಬಂದು ಮನೆಯವಳೇ ಆದ ಪದವಾದರೆ ‘ಚ’: ಚರ್ಚ್, ಚೇರ್. ತವರು ಗ್ರೀಕ್ ಆದರೆ ‘ಕ’: ಕೋರಸ್, ಕ್ಯಾರೆಕ್ಟರ್, ಆರ್ಕೈವ್, ದೊಡ್ಡ ಬಿರುಕು ಅನ್ನುವ ಕ್ಯಾಝಮ್. ಇತ್ತೀಚೆಗೆ ಫ್ರೆಂಚಿನಿಂದ ಬಂದ ಸೊಸೆಯಾದರೆ ‘ಶ’: ಶೆಫ್, ಮಶೀನ್, ಬ್ರೋಶರ್, ಪ್ಯಾರಶೂಟ್. ಒಂದೇ ಎರಡಕ್ಷರ, ಮೂರು ಮನೆಯ ಪದ್ಧತಿ. ಪದದ ಕೊನೆಯ ಇ ಕೂಡ ಹಾಗೇ, ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಸುಮ್ಮನಿರುತ್ತದೆ, ಗ್ರೀಕಿನ ಕೆಲವು ಪದಗಳಲ್ಲಿ ಬಾಯಿ ಬಿಡುತ್ತದೆ. ಕೆಟಾಸ್ಟ್ರಫಿ ಅಂತ ನಮಗೆ ಗೊತ್ತು. ಅದೇ ಲೆಕ್ಕದಲ್ಲಿ ಮೂರ್ತರೂಪ ಅನ್ನುವ ‘ಎಪಿಟಮಿ’, ಉತ್ಪ್ರೇಕ್ಷೆ ಅನ್ನುವ ‘ಹೈಪರ್ಬಲಿ’. ಎಪಿಟೋಮ್ ಅಲ್ಲ, ಹೈಪರ್‌ಬೋಲ್ ಅಲ್ಲ. ಬೀಳ್ಕೊಡುಗೆ ಸಮಾರಂಭಗಳಲ್ಲಿ ನನ್ನನ್ನು ಎಷ್ಟು ಜನ ಪ್ರಾಮಾಣಿಕತೆಯ ಎಪಿಟೋಮ್ ಅಂದಿದ್ದಾರೋ. ನಾನೂ ಬೇರೆಯವರನ್ನು ಅಂದಿದ್ದೇನೆ, ಲೆಕ್ಕ ಸರಿಹೋಯಿತು.

ಒತ್ತಿನ ವಿಷಯಕ್ಕೆ ಬರೋಣ, ನನ್ನ ಪ್ರಕಾರ ಇಡೀ ಕಥೆಯಲ್ಲಿ ಕಷ್ಟ ಇರುವುದು ಇಲ್ಲೇ, ಪುಸ್ತಕದವರೂ ಮೇಷ್ಟ್ರೂ ಯಾರೂ ಹೇಳದೆ ಬಿಡುವುದೂ ಇದನ್ನೇ. ಕನ್ನಡದಲ್ಲಿ ನಾವು ಎಲ್ಲ ಅಕ್ಷರಕ್ಕೂ ಸಮನಾಗಿ ಊಟ ಬಡಿಸುತ್ತೇವೆ. ಇಂಗ್ಲಿಷಿನಲ್ಲಿ ಒಂದು ಪದದಲ್ಲಿ ಒಬ್ಬನೇ ಯಜಮಾನ, ಉಳಿದವರು ಅರೆಹೊಟ್ಟೆ. ಯಜಮಾನ ಜಾಗ ಬದಲಾಯಿಸಿದರೆ ಮಿಕ್ಕ ಸ್ವರಗಳ ಮುಖವೇ ಬದಲಾಗುತ್ತದೆ. ಫೋಟೋ ಸ್ಟುಡಿಯೋದ ಪದಗಳನ್ನೇ ತೆಗೆದುಕೊಳ್ಳಿ. ‘ಫೋ’-ಟ-ಗ್ರಾಫ್. ಆದರೆ ಫ-‘ಟಾ’-ಗ್ರ-ಫಿ. ಮತ್ತೆ ಫೋ-ಟ-‘ಗ್ರ್ಯಾ’-ಫಿಕ್. ಮೂರರಲ್ಲೂ ನಾವು ‘ಫೋಟೋಗ್ರಾ’ ಅಂತ ಒಂದೇ ಸಮ ಹೇಳುತ್ತೇವೆ, ಹೊರಗಿನವರು ಸಾರಿ ಅನ್ನುತ್ತಾರೆ, ನಾವು ನಮ್ಮ ಸ್ವರ ಜೋರು ಮಾಡುತ್ತೇವೆ. ಜೋರು ಮಾಡಿದರೆ ಏನು ಬಂತು. ಒತ್ತು ಬೀಳಬೇಕಾದ ಕಡೆ ಬೀಳಲಿಲ್ಲ. ನಾನಂತೂ ‘ಡಿಟರ್ಮಿನ್’ ಅನ್ನುವುದನ್ನು ಡಿಟರ್ಮೈನ್ ಅಂತಲೇ ಇಡೀ ಸರ್ವಿಸ್ ಮುಗಿಸಿದವನು. ಅದಕ್ಕೆ ‘ಟರ್’ ಯಜಮಾನ.

ಇದನ್ನು ಕಲಿಸುವ ಉಪಾಯ ನಮ್ಮ ಹೈಸ್ಕೂಲಿನಲ್ಲೇ ಇದೆ ನೋಡಿ. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿ ಲಘು ಗುರು ಗುರುತು ಮಾಡದ ಕನ್ನಡ ವಿದ್ಯಾರ್ಥಿ ಇದ್ದಾನಾ? ಅಲ್ಲಿ ಎಣಿಸುವುದು ಕಾಲ, ಇಲ್ಲಿ ನೋಡಬೇಕಾದದ್ದು ಬಲ, ಎರಡೂ ಒಂದೇ ಅಲ್ಲ, ಒಪ್ಪುತ್ತೇನೆ. ಆದರೆ ಪದವನ್ನು ತುಂಡು ಮಾಡಿ ತಲೆಯ ಮೇಲೆ ಗುರುತು ಹಾಕುವ ಕೈ ಅಭ್ಯಾಸ ನಮ್ಮ ಮಕ್ಕಳಿಗೆ ಇದೆ. ಮೊಮ್ಮಗಳಿಗೆ ಒಂದು ಸೂತ್ರ ಹೇಳಿದೆ: ಕೊನೆಯಲ್ಲಿ ‘ಷನ್’ ಬಂದರೆ, ‘ಇಕ್’ ಬಂದರೆ, ‘ಇಟಿ’ ಬಂದರೆ, ಬಹುಮಟ್ಟಿಗೆ ಅದರ ಹಿಂದಿನ ತುಂಡೇ ಯಜಮಾನ. ಎಕ-‘ನಾ’-ಮಿಕ್. ಡೆಮ-‘ಕ್ರ್ಯಾ’-ಟಿಕ್. ಇಲೆಕ್-‘ಟ್ರಿ’-ಸಿಟಿ. ಪ್ರನನ್ಸಿ-‘ಯೇ’-ಷನ್. ಹೌದು, ಆ ಕೊನೆಯದನ್ನು ಪ್ರೊನೌನ್ಸಿಯೇಷನ್ ಅನ್ನುವವರೇ ಜಾಸ್ತಿ, ಅದನ್ನು ಕಲಿಸುವವರೂ ಸೇರಿ. ಲೆಕ್ಕ ಅನ್ನುವ ಅ-‘ರಿತ್’-ಮೆಟಿಕ್ ಅಂತಹ ಕೆಲವು ಪದ ಸೂತ್ರ ಮುರಿಯುತ್ತವೆ. ಮುರಿಯಲಿ, ಹತ್ತಕ್ಕೆ ಎಂಟು ಸಿಕ್ಕರೆ ಸಾಲದೇ.

ಅರ್ಥದ ಬಗ್ಗೆ ಇನ್ನೊಂದು ಮಾತು. ನಿಮ್ಮ ಚೌಕದಲ್ಲಿ ‘ಸ್ಯಾಂಕ್ಷನ್’ಗೆ ‘ಮಂಜೂರಾತಿ’ ಅಂತ ಬಂದಿತ್ತು. ನಮ್ಮ ಬ್ಯಾಂಕಿನವರಿಗೆ ಅದಕ್ಕಿಂತ ಸಿಹಿಯಾದ ಪದ ಇಲ್ಲ, ಲೋನ್ ಸ್ಯಾಂಕ್ಷನ್ ಆಯಿತು ಅಂದರೆ ಪೇಡ ಹಂಚುತ್ತಿದ್ದರು. ಆದರೆ ಅದೇ ದಿನ ನಿಮ್ಮ ವಿದೇಶ ಪುಟದಲ್ಲಿ ರಷ್ಯಾದ ಮೇಲೆ ಹಾಕಿದ ನಿರ್ಬಂಧದ ಸುದ್ದಿ. ಇಂಗ್ಲಿಷ್ ಪೇಪರಿನಲ್ಲಿ ಆ ನಿರ್ಬಂಧಕ್ಕೂ ಸ್ಯಾಂಕ್ಷನ್ ಅಂತಲೇ ಇತ್ತು. ಮೊಮ್ಮಗಳು, "ರಷ್ಯಾಗೆ ಲೋನ್ ಕೊಟ್ರಾ ತಾತ?" ಅಂದಳು. ‘ಓವರ್‌ಸೈಟ್’ ಇನ್ನೂ ಕಿಲಾಡಿ: ಮೇಲ್ವಿಚಾರಣೆ ಅಂತಲೂ ಹೌದು, ಕಣ್ತಪ್ಪು ಅಂತಲೂ ಹೌದು. ಆಡಿಟ್ ರಿಪೋರ್ಟಿನಲ್ಲಿ ಅದು ಯಾವ ಅರ್ಥದಲ್ಲಿದೆ ಅನ್ನುವುದರ ಮೇಲೆ ಮ್ಯಾನೇಜರ ಇನ್‌ಕ್ರಿಮೆಂಟು ನಿಂತಿರುತ್ತಿತ್ತು. ‘ಡಿಸ್‌ಇಂಟರೆಸ್ಟೆಡ್’ ಅನ್ನುವುದಕ್ಕೆ ಆಸಕ್ತಿ ಇಲ್ಲದವನು ಅಂತ ಕೊಟ್ಟಿದ್ದಿರಿ. ನ್ಯಾಯಾಧೀಶರು ಡಿಸ್‌ಇಂಟರೆಸ್ಟೆಡ್ ಆಗಿರಬೇಕು ಅಂದರೆ ಅವರು ಕೋರ್ಟಿನಲ್ಲಿ ಆಕಳಿಸಬೇಕು ಅಂತಲ್ಲ, ಈ ಕೇಸಿನಲ್ಲಿ ಅವರಿಗೆ ಸ್ವಂತದ ಲಾಭ ನಷ್ಟ ಇರಬಾರದು ಅಂತ. ನೀವು ಕೊಟ್ಟ ಅರ್ಥದಲ್ಲೂ ಜನ ಬಳಸುತ್ತಾರೆ, ಆದರೆ ಇಂಟರ್‌ವ್ಯೂ ಮಾಡುವವರು ಬಲ್ಲವರಾದರೆ ಹುಬ್ಬು ಮೇಲೇರುತ್ತದೆ.

ಒಂಟಿ ಪದಕ್ಕೆ ಒಂಟಿ ಅರ್ಥ ಹಿಡಿದು ಓದುವ ಕಾಲ ಪರೀಕ್ಷೆಗಳಲ್ಲೂ ಹೋಗುತ್ತಿದೆ. ಅಮೆರಿಕಕ್ಕೆ ಓದಲು ಹೋಗುವ ಮಕ್ಕಳು ಬರೆಯುವ ಜಿಆರ್‌ಇಯಲ್ಲಿ ವಿರುದ್ಧಾರ್ಥಕ ಪದ ಆರಿಸುವ ಪ್ರಶ್ನೆಯನ್ನೇ 2011ರಲ್ಲಿ ಕೈಬಿಟ್ಟರು. ಈಗ ವಾಕ್ಯ ಕೊಟ್ಟು, ಖಾಲಿ ಜಾಗಕ್ಕೆ ಯಾವ ಪದ ಕೂರುತ್ತದೆ ಅಂತ ಕೇಳುತ್ತಾರೆ. ನಮ್ಮ ಕೋಚಿಂಗ್ ಸೆಂಟರುಗಳು ಮಾತ್ರ ದಿನಕ್ಕೆ 30 ಪದದ ಪಟ್ಟಿ ಹಿಡಿದು ಕೂತಿವೆ. ಪಟ್ಟಿಯಲ್ಲಿ ಕಲಿತ ಪದ ಪಟ್ಟಿಯಲ್ಲೇ ಉಳಿಯುತ್ತದೆ, ನಮ್ಮ ಮನೆಯ ಡೈರಿಯೇ ಸಾಕ್ಷಿ. ಹೋದ ವರ್ಷ ಅಂಟಿಸಿದ ಪದಗಳಲ್ಲಿ ಯಾವುದಾದರೂ ಇಪ್ಪತ್ತು ಕೇಳಿದೆ, ನಾಲ್ಕು ಹೇಳಿದಳು.

ಮೊಬೈಲ್ ಇದೆಯಲ್ಲ, ಸ್ಪೀಕರ್ ಚಿತ್ರ ಒತ್ತಿದರೆ ಅದೇ ಹೇಳುತ್ತದಲ್ಲ ಅಂತ ನೀವು ಕೇಳಬಹುದು. ಹೇಳುತ್ತದೆ. ಒಳ್ಳೆಯದೇ. ಆದರೆ ಒಂದು ಸಲ ಬ್ರಿಟಿಷರ ಬಾಯಲ್ಲಿ ‘ಶೆಡ್ಯೂಲ್’ ಅನ್ನುತ್ತದೆ, ಇನ್ನೊಂದು ಸಲ ಅಮೆರಿಕದವರ ಬಾಯಲ್ಲಿ ‘ಸ್ಕೆಜೂಲ್’ ಅನ್ನುತ್ತದೆ, ಮಗು ಯಾವುದು ಸರಿ ಅಂತ ನನ್ನ ಮುಖ ನೋಡುತ್ತದೆ. ಎರಡೂ ಸರಿ, ಒಂದನ್ನು ಹಿಡಿದುಕೋ ಅಂತ ಹೇಳುವವರು ಬೇಕಲ್ಲ. ಜೊತೆಗೆ ಕೇಳಿದ್ದು ಕಿವಿಯಲ್ಲಿ ಎಷ್ಟು ಹೊತ್ತು ಇರುತ್ತದೆ? ಬರೆದಿಟ್ಟುಕೊಳ್ಳಬೇಕು. ಯಾವ ಲಿಪಿಯಲ್ಲಿ? ಇಂಗ್ಲಿಷ್ ನಿಘಂಟುಗಳಲ್ಲಿ ಒಂದು ಬಗೆಯ ಚಿಹ್ನೆಗಳಿರುತ್ತವೆ, ತಲೆಕೆಳಗಾದ ಇ, ಉದ್ದ ಬಾಲದ ಜಡ್. 1886ರಲ್ಲಿ ಪ್ಯಾರಿಸ್ಸಿನಲ್ಲಿ ಭಾಷಾ ಶಿಕ್ಷಕರು ಸೇರಿ ಕಟ್ಟಿದ ಸಂಘವೊಂದು ಅದನ್ನು ಬೆಳೆಸಿತು, ಬಹಳ ಅಚ್ಚುಕಟ್ಟಾದ ಕೆಲಸ. ಅದರಲ್ಲಿ ಒಂದು ಗುರುತು ಮಾತ್ರ ಎಲ್ಲರೂ ಕಲಿಯಬೇಕು: ಮೇಲೆ ನಿಂತ ಸಣ್ಣ ಗೀಟು. ಅದರ ಮುಂದೆ ಬರುವ ತುಂಡಿಗೇ ಒತ್ತು. ಮಿಕ್ಕಿದ್ದು ನಮ್ಮ ಮಕ್ಕಳಿಗೆ ಇರುವೆ ಸಾಲು. ಅವರಿಗೆ ಗೊತ್ತಿರುವ, ಗಂಟಲಿನಿಂದ ತುಟಿಯವರೆಗೆ ಕ ಚ ಟ ತ ಪ ಅಂತ ಸಾಲಾಗಿ ನಿಲ್ಲಿಸಿದ ಲಿಪಿ ಕೈಯಲ್ಲೇ ಇರುವಾಗ ಇನ್ನೊಂದು ಯಾಕೆ?

ಕನ್ನಡ ಲಿಪಿಗೆ ಎಲ್ಲವೂ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ವೆಸ್ಟ್ ಅಂದರೆ ಬನಿಯನ್ನೋ ಪಶ್ಚಿಮವೋ ಗೊತ್ತಾಗುವುದಿಲ್ಲ, ಎರಡಕ್ಕೂ ನಮ್ಮದು ಒಂದೇ ವ. ಫ, ಜ ಕೆಳಗೆ ಎರಡು ಚುಕ್ಕೆ ಇಡಬೇಕು, ನೀವು ಇಡುವುದಿಲ್ಲ. ‘ಕಾಫಿ’ಯ ಕಾ ಮತ್ತು ‘ಕಾರಿ’ನ ಕಾ ಇಂಗ್ಲಿಷಿನಲ್ಲಿ ಬೇರೆ ಬೇರೆ, ಮರಾಠಿಯವರು ಅದಕ್ಕೊಂದು ಚಿಹ್ನೆ ಮಾಡಿಕೊಂಡಿದ್ದಾರೆ, ನಾವು ಮಾಡಿಕೊಂಡಿಲ್ಲ. ಆದರೂ ನೀವು ‘ಬ್ಯಾಂಕ್’ ಬರೆಯುವುದಕ್ಕೆ ಒಂದು ದಾರಿ ಕಂಡುಕೊಂಡಿರಿ, ‘ಆ್ಯಪ್’ಗೆ ಆ ಒತ್ತಕ್ಷರ ಕೂಡಿಸಿದಿರಿ, ಅದು ಮೊದಮೊದಲು ವಿಚಿತ್ರ ಅನ್ನಿಸಿದರೂ ಈಗ ಯಾರಿಗೂ ಕಣ್ಣಿಗೆ ಚುಚ್ಚುವುದಿಲ್ಲ. ಪತ್ರಿಕೆಯವರು ಮನಸ್ಸು ಮಾಡಿದರೆ ದಾರಿ ಆಗುತ್ತದೆ.

ಲಂಡನ್ನಿನವರ ಹಾಗೆ ಮಾತಾಡಿಸಿ ಅಂತಲೂ ನಾನು ಕೇಳುತ್ತಿಲ್ಲ. ಮಂಡ್ಯದ ದನಿಯಲ್ಲೇ ಇಂಗ್ಲಿಷ್ ಬರಲಿ, ಧಾರವಾಡದ ದನಿಯಲ್ಲೇ ಬರಲಿ. ಅವರೇನು ನಮ್ಮ ಪದಗಳನ್ನು ಸರಿಯಾಗಿ ಹೇಳಿದರಾ? ಪುರಿಯ ಜಗನ್ನಾಥನ ರಥ ನೋಡಿ, ಸ್ವಾಮಿಯ ಹೆಸರನ್ನೇ ‘ಜಗರ್‌ನಾಟ್’ ಮಾಡಿ, ತಡೆಯಲಾಗದೆ ನುಗ್ಗುವ ದೊಡ್ಡ ಶಕ್ತಿ ಅಂತ ಅರ್ಥ ಕೊಟ್ಟು ತಮ್ಮ ನಿಘಂಟಿಗೆ ಹಾಕಿಕೊಂಡರು. ಈಗ ಅದು ನಮ್ಮ ಕೋಚಿಂಗ್ ಪಟ್ಟಿಯಲ್ಲಿ ಕಷ್ಟದ ಪದ. ನನ್ನ ಮೊಮ್ಮಗಳು ಜಗನ್ನಾಥನನ್ನು ಇಂಗ್ಲಿಷ್ ಪದ ಅಂತ ಉರು ಹೊಡೆಯುತ್ತಿದ್ದಳು! ದನಿ ಯಾವುದೇ ಇರಲಿ, ಆ ಕಡೆಯವನು ಅಕೌಂಟ್ ನಂಬರ್ ಕೇಳದ ಹಾಗಿದ್ದರೆ ಸಾಕು.

ಕೋರಿಕೆ ಇಷ್ಟೇ. ಚೌಕದ ಅಳತೆ ಹೆಚ್ಚಿಸಬೇಡಿ, ಜಾಹೀರಾತಿನವರು ಒಪ್ಪುವುದಿಲ್ಲ ಅಂತ ನನಗೂ ಗೊತ್ತು. ದಿನಕ್ಕೊಂದು ಪದ ಬೇಡ, ವಾರಕ್ಕೆ ಮೂರೇ ಕೊಡಿ. ಉಚ್ಚಾರವನ್ನು ಕನ್ನಡದಲ್ಲಿ ತುಂಡು ಮಾಡಿ ಕೊಡಿ, ಒತ್ತಿನ ತುಂಡನ್ನು ದಪ್ಪಕ್ಷರದಲ್ಲಿ ಹಾಕಿ. ಅರ್ಥವನ್ನು ಆಡುಮಾತಿನಲ್ಲಿ ಕೊಡಿ, ನಮ್ಮೂರಿನ ಒಂದು ವಾಕ್ಯ ಕೊಡಿ. ಹಿಂದೆ ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದಗಳಿಗೆ ಉತ್ತರ ಕೊಡುತ್ತಿದ್ದರು. ಅದಕ್ಕಾಗಿಯೇ ನಮ್ಮ ಬ್ರಾಂಚಿನಲ್ಲಿ ಆ ಪೇಪರಿಗೆ ಬೆಳಿಗ್ಗೆ ಎಳೆದಾಟ ಆಗುತ್ತಿತ್ತು. ಹಾಗೆ ಓದುಗರೂ ಪದ ಕಳಿಸಲಿ. ಯಾರು ಯಾವ ಪದದಲ್ಲಿ ಎಲ್ಲಿ ಬಿದ್ದರು ಅಂತ ಬರೆಯಲಿ. ಮೊದಲನೆಯದು ನನ್ನ ಆವರಿಯೇ ಇರಲಿ.

ಮಾದರಿಗೆ ಮೊಮ್ಮಗಳೇ ಒಂದು ಚೌಕ ಬರೆದುಕೊಟ್ಟಿದ್ದಾಳೆ. ಅವಳ ಅಕ್ಷರದಲ್ಲಿ ಇದ್ದ ಹಾಗೇ ಇಳಿಸುತ್ತಿದ್ದೇನೆ:

ಯೂ-‘ಬಿಕ್’-ವಿ-ಟಸ್. ಎಲ್ಲಿ ನೋಡಿದ್ರೂ ಅದೇ ಕಾಣೋದು. ತವರು ಲ್ಯಾಟಿನ್. ದೇವರಿಗೆ ಬೇಡ, ಫ್ಲೆಕ್ಸಿಗೆ ಸರಿ. ವಾಕ್ಯ: ನಮ್ಮ ಸರ್ಕಲ್ಲಿನಲ್ಲಿ ಲೀಡರುಗಳ ನಗುಮುಖ ಯುಬಿಕ್ವಿಟಸ್.

ಇಂತಿ ನಿಮ್ಮ ಓದುಗ,
ನಿವೃತ್ತ ಬ್ಯಾಂಕ್ ನೌಕರ, ತಿಪಟೂರು

ಮರೆತಿದ್ದೆ: ಈ ಪತ್ರ ಅಚ್ಚಾದರೆ ದಯವಿಟ್ಟು ಅದರ ಹಿಂದಿನ ಪುಟದಲ್ಲಿ ‘ಇಂದಿನ ಇಂಗ್ಲಿಷ್ ಪದ’ ಬಾರದ ಹಾಗೆ ನೋಡಿಕೊಳ್ಳಿ. ಕತ್ತರಿಸಿಬಿಡುತ್ತಾಳೆ.